ಕಮಲಾಪುರದ ವಿಮಾನ ಮತ್ತು ನಾನು ಕಿತ್ತ ಥರ್ಮೋಸ್ಟ್ಯಾಟ್

ನಾನು ಕಲಬುರಗಿಯ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾದ ಮರುವರ್ಷ, ಏಪ್ರಿಲ್ ತಿಂಗಳಲ್ಲಿ, ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಸಹಾಯ ಕೇಳಿಕೊಂಡು ಸಿದ್ಧಾರ್ಥ ಬಂದ. ನಮ್ಮೂರಿನದೇ ಖೂಬಾ ಪ್ಲಾಟ್ ಬಡಾವಣೆಯವನು, ಪಾಲಿಟೆಕ್ನಿಕ್ ಉಪನ್ಯಾಸಕ. ಕಮಲಾಪುರದ ತಮ್ಮ ಹೊಲದ ಶೆಡ್ಡಿನಲ್ಲಿ ಆರು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಇಬ್ಬರು ಕೂರುವ ವಿಮಾನ ಕಟ್ಟಿದ್ದ. ಎಂಜಿನ್ ಹಳೆಯ ಕಾರಿನದು, ನೀರಿನಿಂದ ತಂಪಾಗುವಂಥದ್ದು. ಹಾರುವ ಮಾತು ದೂರ. ಹಾರಾಟಕ್ಕೆ ಅನುಮತಿ ಕೊಡಲು ಸೋಮವಾರ ಬರಲಿದ್ದ ಪರಿಶೀಲಕರೆದುರು ಅದು ನೆಲದ ಮೇಲೆ ಹದಿನೈದು ನಿಮಿಷ ಸರಿಯಾಗಿ ಓಡಿದರೆ ಸಾಕಿತ್ತು. ಆದರೆ ಹತ್ತೇ ನಿಮಿಷಕ್ಕೆ ತಂಪು ಮಾಡಬೇಕಾದ ಕೂಲಂಟ್ ನೀರೇ 108 ಡಿಗ್ರಿ ಮುಟ್ಟುತ್ತಿತ್ತು.

ಬಿಸಿಲೂರಿನ ಮೆಕ್ಯಾನಿಕ್‌ಗಳ ಬಳಿ ಇದಕ್ಕೊಂದು ಮದ್ದುಂಟು: ಥರ್ಮೋಸ್ಟ್ಯಾಟ್ ಕಿತ್ತು ಹಾಕುವುದು. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಪುಟ್ಟ ಕವಾಟವದು. ನಮ್ಮಲ್ಲಿ ಬಿಸಿಯಾಗಲಿ ಎಂದು ಯಾರು ಕಾಯಬೇಕು? ಸಿದ್ಧಾರ್ಥ ಒಮ್ಮೆ ಎಂಜಿನ್ನಿನ ಪುಸ್ತಕ ನೋಡೋಣ ಎಂದ.

“ಎಷ್ಟು ಬಸ್ಸಿನದು ತೆಗೆದೀನಿ ಗೊತ್ತದೇನು? ಪುಸ್ತಕ ಬರೆದವರು ಕಲಬುರಗಿ ಬಿಸಲ ನೋಡ್ಯಾರೇನು?” ಎಂದು ಅವನ ಬಾಯಿ ಮುಚ್ಚಿಸಿದೆ.

ಅವನ ಜೊತೆ ಶೆಡ್ಡಿಗೆ ಹೋಗಿ ಅದನ್ನು ಕಿತ್ತು ನನ್ನ ಟೂಲ್‌ಬಾಕ್ಸಿಗೆ ಹಾಕಿಕೊಂಡೆ. ನಿಂತಲ್ಲೇ ನಿಧಾನವಾಗಿ ಓಡಿಸಿದಾಗ ಬಿಸಿ ತೋರಿಸುವ ಮೀಟರಿನ ಮುಳ್ಳು 70 ದಾಟಲಿಲ್ಲ. ನಾನು ಮೀಸೆ ತಿರುವಿದೆ.

ಭಾನುವಾರ ಬೆಳಿಗ್ಗೆ ಹೊಲದ ಸಮತಟ್ಟು ಪಟ್ಟಿಯಲ್ಲಿ ಪೂರ್ಣ ವೇಗದ ಓಟ. ಸಿದ್ಧಾರ್ಥ ಎರಡು ಸಲ ಹೋಗಿ ಬಂದ. ಮೂರನೆಯ ಸಲ ಅರ್ಧ ದಾರಿಯಲ್ಲಿ ಎಂಜಿನ್ ಅಡಿಯಿಂದ ಬಿಳಿ ಹಬೆ ಎದ್ದಿತು. ಹೆಗಲ ಟವೆಲ್ ಬೀಸಿದೆ, ಕೂಗಿದೆ, ಮಂಡಿನೋವು ಮರೆತು ಓಡಿದೆ. ಅವನ ಬೆನ್ನು ನನ್ನ ಕಡೆ, ಕಿವಿಗೆ ಹೆಡ್‌ಫೋನ್. ನಾನು ನೋಡುತ್ತಿದ್ದಂತೆಯೇ ಪ್ರೊಪೆಲ್ಲರ್ ತಾನಾಗಿ ಗಕ್ಕನೆ ನಿಂತಿತು.

ಏದುಸಿರು ಬಿಡುತ್ತ ಹತ್ತಿರ ಹೋದಾಗ ಅವನು ಇನ್ನೂ ಸೀಟಿನಲ್ಲೇ ಕೂತಿದ್ದ.

“ಮುಳ್ಳು ಇಳಿಲಾಕತ್ತಿತ್ರೀ ಕಾಕಾ. ತಂಪಾಯ್ತು ಅನ್ಕೊಂಡೆ.”

ತಂಪಾಗಿರಲಿಲ್ಲ. ಕಾವಿಗೆ ಪೈಪ್ ಒಡೆದು ನೀರೆಲ್ಲ ಹೋಗಿತ್ತು. ಅಳೆಯಲು ನೀರೇ ಇಲ್ಲದ ಮೇಲೆ ಮುಳ್ಳು ಇಳಿಯದೆ ಏನು ಮಾಡೀತು! ಎಂಜಿನ್ ಒಳಗೆ ಕಚ್ಚಿಕೊಂಡು ಸತ್ತಿತ್ತು.

ಮಧ್ಯಾಹ್ನ ಶೆಡ್ಡಿನಲ್ಲಿ ಪುಸ್ತಕ ತೆರೆದೆವು. ಈ ಎಂಜಿನ್ನಿನಲ್ಲಿ ಆ ಕವಾಟಕ್ಕೆ ಎರಡು ಕೆಲಸ. ರೇಡಿಯೇಟರಿನ ದಾರಿ ತೆರೆಯುವಾಗಲೇ, ಬಿಸಿನೀರು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ಮರಳುವ ಅಡ್ಡದಾರಿಯನ್ನು ಅದು ಮುಚ್ಚುತ್ತದೆ. ನಾನು ಕಿತ್ತ ಮೇಲೆ ಅಡ್ಡದಾರಿ ತೆರೆದೇ ಇತ್ತು. ನಿಧಾನದ ಓಟಕ್ಕೆ ಹೇಗೋ ನಡೆಯಿತು, ಪೂರ್ಣ ವೇಗಕ್ಕೆ ನಡೆಯಲಿಲ್ಲ. ನಾನು ಕೈಯಾಡಿಸಿದ ಹಳೆಯ ಬಸ್ಸುಗಳಲ್ಲಿ ಈ ಎರಡನೆಯ ಕೆಲಸ ಇರಲಿಲ್ಲ.

ತಪ್ಪು ನನ್ನದೆಂದೆ. ಅವನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು.

“ನಾಳೆ ಬರಬ್ಯಾಡ್ರಿ ಅಂತ ಅವರಿಗೆ ನೀವೇ ಫೋನ್ ಮಾಡ್ರಿ ಕಾಕಾ. ನನ್ನ ಬಾಯಿಲಿಂದ ಬರಂಗಿಲ್ಲ.”

ಮಾಡಿದೆ. ಪರಿಶೀಲಕರು ಕಾರಣ ಕೇಳಿದರು. ನನ್ನ ಅನುಭವವೇ ಕಾರಣ ಎಂದು ಹೇಳಲಾಗದೆ, ಎಂಜಿನ್ ಕೆಟ್ಟಿದೆ ಎಂದೆ.

ಒಂದು ಎಂಜಿನ್ ಕಲಿಸಿದ್ದು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ ಎಂಬ ಪಾಠ ನನಗೆ ನಿವೃತ್ತಿಯ ನಂತರ, ಬೇರೊಬ್ಬನ ಆರು ವರ್ಷ ಸುಟ್ಟು ಸಿಕ್ಕಿತು. ಸಿದ್ಧಾರ್ಥ ಈಗ ಇನ್ನೊಂದು ಎಂಜಿನ್ ಕೂರಿಸುತ್ತಿದ್ದಾನಂತೆ. ನನ್ನನ್ನು ಕರೆದಿಲ್ಲ. ಕರೆದರೆ ಮೊದಲು ಪುಸ್ತಕ ಕೊಡು ಎನ್ನಬೇಕೆಂದು ಕಾದಿದ್ದೇನೆ.