ಮೂಲೆಯಜ್ಜಿಯ ಕಣ್ಣು

ಸುಮ್ಮನೆ ಕೂತಿರುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ಮೂಲೆಯಜ್ಜಿಗೆ ಕೊಡುತ್ತಿದ್ದರು. ಗ್ರಂಥಾಲಯದ ಹಿಂದೆ ಒಂದು ಕೋಣೆ. ಗಂಡಹೆಂಡಿರು ಬೇರೆಯಾದ ಮನೆಗಳ ಮಕ್ಕಳು ಶನಿವಾರ ಮಧ್ಯಾಹ್ನ ಅಪ್ಪನನ್ನೋ ಅಮ್ಮನನ್ನೋ ನೋಡಲು ಅಲ್ಲಿಗೆ ಬರುತ್ತಿದ್ದವು. ಮಕ್ಕಳ ಮತ್ತು ಕುಟುಂಬಗಳ ಒಳಿತಿಗೆಂದು ಬಡಾವಣೆಯ ಸಮುದಾಯ ನಿಧಿ ಕೊಟ್ಟ ಅನುದಾನದಿಂದ ಆ ಕೋಣೆಗೆ ಹಳದಿ ಬಣ್ಣ ಬಂತು, ಪುಟ್ಟ ಕುರ್ಚಿಗಳು ಬಂದವು, ಕೊನೆಗೆ ಅಜ್ಜಿಯೂ ಬಂದಳು. ಭೇಟಿಯ ಹೊತ್ತಿನಲ್ಲಿ ಹೊರಗಿನವರೊಬ್ಬರು ಕೋಣೆಯಲ್ಲಿ ಇರಲೇಬೇಕು, ಆದರೆ ಇದ್ದೂ ಇಲ್ಲದಂತಿರಬೇಕು ಎಂಬುದು ಅನುದಾನದ ಷರತ್ತು. ಮಗು ಬರುವುದು ಹೆತ್ತವರಿಗಾಗಿ, ಕಾವಲಿಗೆ ಕೂತವರಿಗಾಗಿ ಅಲ್ಲವಲ್ಲ!

ಈ ಕೆಲಸಕ್ಕೆ ಅವಳಿಗಿಂತ ತಕ್ಕವರು ಹುಡುಕಿದರೂ ಸಿಗುತ್ತಿರಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿದು ಹೊಲಿದು ವಯಸ್ಸು ಸವೆಸಿದವಳು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ವಾರವಿಡೀ ಅವಳು ಆಡುತ್ತಿದ್ದ ಮಾತೆಂದರೆ ಹಾಲಿನವನ ಹತ್ತಿರ ಎರಡು, ಮೆಟ್ಟಿಲ ಮೇಲಿನ ಬೆಕ್ಕಿನ ಹತ್ತಿರ ನಾಲ್ಕು. ಆ ಬೆಕ್ಕೂ ಅಷ್ಟಕ್ಕಷ್ಟೆ, ಕೆಳಗಿನ ಮನೆಯಲ್ಲಿ ತಟ್ಟೆಯ ಸದ್ದಾದರೆ ಮಾತಿನ ಮಧ್ಯದಲ್ಲೇ ಎದ್ದು ಹೋಗುತ್ತಿತ್ತು.

ಕೋಣೆಯಲ್ಲಿ ಅವಳು ಬೂದು ಬಣ್ಣದ್ದೇ ಉಡುತ್ತಿದ್ದಳು. ಚೀಲದಲ್ಲಿ ಮಿಠಾಯಿ ಇಟ್ಟುಕೊಳ್ಳುತ್ತಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಉಣ್ಣೆ ಹೆಣೆಯುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಕಾಯುತ್ತಿದ್ದಾಳೆಂದು ಯಾರಿಗೂ ಅನ್ನಿಸಬಾರದು. ಮಗು ನಕ್ಕರೆ ತಿರುಗಿ ನಗಬಾರದು. ಹೇಳಲು ಸುಲಭ. ಒಮ್ಮೆ ನೀವು ಕೂತು ನೋಡಿ!

ಅಂಥವಳೂ ಒಂದು ಸಲ ತಪ್ಪಿದಳು. ಆರು ವರ್ಷದ ಹುಡುಗಿಯೊಂದು ಬರುತ್ತಿತ್ತು, ಎಲ್ಲರೂ ಕರೆಯುತ್ತಿದ್ದುದು ಪುಟ್ಟಿ ಎಂದು. ಅವಳ ಅಪ್ಪ ಲಾರಿ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವವನು. ಪುಟ್ಟ ಕುರ್ಚಿಯ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತು, ಆಟಿಕೆ ಕಾರೊಂದನ್ನು ಹಿಡಿದುಕೊಂಡು, ಏನು ಮಾತಾಡಬೇಕೆಂದು ತಿಳಿಯದೆ ಬೆವರುತ್ತಿದ್ದ. ಮಗಳು ಅವನತ್ತ ಬೆನ್ನು ಹಾಕಿ ನಿಂತಿರುತ್ತಿದ್ದಳು. ಒಂದು ದಿನ ಅವಳ ಬಟ್ಟೆಯ ಮೊಲದ ಕಿವಿ ಕಿತ್ತುಬಂತು. ತುಟಿ ಅದುರಿದ್ದನ್ನು ಕಂಡು ಅಜ್ಜಿಗೆ ತಡೆಯಲಾಗಲಿಲ್ಲ. ಸೂಜಿ ತೆಗೆದು ಹೊಲಿದುಕೊಟ್ಟಳು.

ಮುಂದಿನ ಶನಿವಾರ ಮೊಲದ ಕಾಲು ಕಿತ್ತುಬಂದಿತ್ತು. ಅದರ ಮುಂದಿನ ಶನಿವಾರ ಬಾಲ. ಹುಡುಗಿಯೇ ಕೀಳುತ್ತಿದ್ದಳೆಂದು ಅಜ್ಜಿಗೆ ತಿಳಿಯದೆ ಇರಲಿಲ್ಲ, ತಾನಾಗಿ ಹರಿದದ್ದಕ್ಕೂ ಬೇಕೆಂದೇ ಹರಿದದ್ದಕ್ಕೂ ವ್ಯತ್ಯಾಸ ಕಾಣದ ಕೈಯಲ್ಲ ಅದು. ತಿಳಿದೂ ಹೊಲಿದಳು. ಪುಟ್ಟಿ ಅವಳ ತೊಡೆಗೆ ಒರಗಿ ನಿಲ್ಲುತ್ತಿದ್ದಳು. ಆ ಭಾರಕ್ಕಾಗಿ ಅಜ್ಜಿ ಶುಕ್ರವಾರದಿಂದಲೇ ಕಾಯತೊಡಗಿದಳು. ಜೀವಮಾನದಲ್ಲಿ ಅವಳಿಗೆ ಅಷ್ಟು ಸುಖ ಸಿಕ್ಕಿರಲಿಲ್ಲ.

ಕೋಣೆಯ ಉಸ್ತುವಾರಿ ನೋಡುವ ಮೇಡಂ ಒಂದು ದಿನ ಅವಳನ್ನು ಬಾಗಿಲ ಬಳಿ ನಿಲ್ಲಿಸಿದರು.

"ನೋಡಿಯಮ್ಮ, ಆ ಮಗು ಅಪ್ಪನ ಹತ್ರ ಹೋಗ್ತಾನೇ ಇಲ್ಲ. ಅವರಮ್ಮ ಬೇಡವೇ ಬೇಡ ಅಂತಿದಾರೆ. ಇನ್ನೊಂದೆರಡು ವಾರ ನೋಡೋಣ, ಹೀಗೇ ಆದ್ರೆ ಭೇಟಿ ನಿಲ್ಲಿಸ್ಬೇಕಾಗುತ್ತೆ."

ಅತ್ತ ದರಿ, ಇತ್ತ ಪುಲಿ. ಭೇಟಿ ನಿಂತರೆ ಪುಟ್ಟಿ ಬರುವುದಿಲ್ಲ. ಅಪ್ಪನಿಗೆ ಒಗ್ಗಿದರೆ ಪುಟ್ಟಿಗೆ ಈ ಮೂಲೆ ಬೇಕಾಗುವುದಿಲ್ಲ. ಎರಡು ದಿನ ಅಜ್ಜಿ ಸಿಡಿಮಿಡಿಗುಟ್ಟಿದಳು. ಮಗಳನ್ನು ಮಾತಾಡಿಸಲು ಬಾರದ ಗಂಡಸು ಹಾಳಾಗಿ ಹೋಗಲಿ, ನನಗೇನು, ಎಂದು ಬೆಕ್ಕಿನ ಮುಂದೆ ಹೇಳಿದಳು. ಆದರೆ ಅವನು ಪ್ರತಿ ಶನಿವಾರ ಬಹಳ ಮುಂಚೆಯೇ ಬಂದು, ಒಗೆದ ಅಂಗಿ ಮುದುರದಂತೆ ಗ್ರಂಥಾಲಯದ ಮೆಟ್ಟಿಲ ಮೇಲೆ ಬೆನ್ನು ನೆಟ್ಟಗೆ ಮಾಡಿ ಕಾಯುತ್ತಿದ್ದುದನ್ನು ಅವಳು ಕಂಡಿದ್ದಳು. ಕಾಯುವುದೆಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಶನಿವಾರ ಅವಳೂ ಮುಂಚೆಯೇ ಹೋಗಿ ಅವನ ಪಕ್ಕದಲ್ಲಿ ಕೂತಳು. ಕೈಗೆ ಸೂಜಿ, ಚಿಂದಿ ಬಟ್ಟೆ ಕೊಟ್ಟಳು.

"ಕಬ್ಬಿಣ ಅಂಟಿಸೋನು ನಾನು. ಇದೆಲ್ಲ ಆಗಲ್ಲಮ್ಮ," ಎಂದ.

"ಕಬ್ಬಿಣವೇ ಮಾತು ಕೇಳುತ್ತಂತೆ, ಬಟ್ಟೆಗೇನು ಧಾಡಿ? ದಾರ ಪೋಣಿಸು ಮೊದ್ಲು."

ಬೆರಳಿಗೆ ಚುಚ್ಚಿಕೊಂಡು, ಗಂಟು ಹಾಕಿ, ಬಿಚ್ಚಿ, ಅಂತೂ ಒಂದು ಸೊಟ್ಟ ಹೊಲಿಗೆ ಕಲಿತ.

ಪುಟ್ಟಿ ಬಂದಳು. ಈ ಸಲ ಎರಡೂ ಕಿವಿ ಕಿತ್ತುಬಂದಿದ್ದವು. ನೇರ ಮೂಲೆಗೆ ಬಂದು ಮೊಲವನ್ನು ಅಜ್ಜಿಯ ಮಡಿಲಿಗೆ ಹಾಕಿದಳು.

"ನನ್ನ ಕೈಲಿ ಆಗಲ್ಲ ಪುಟ್ಟೀ. ಕಣ್ಣು ಕಾಣಲ್ಲ ನಂಗೆ."

"ಸುಳ್ಳು. ಹೋದ್ಸಲ ಕಂಡಿತ್ತು."

"ಈಗ ಹೋಯ್ತು. ಸೂಜಿ ಇರಲಿ, ನಿನ್ನ ಮುಖಾನೂ ಕಾಣಲ್ಲ."

ಹುಡುಗಿ ಮುಖದ ಮುಂದೆ ನಿಂತು ಮೂಗು ಸೊಟ್ಟ ಮಾಡಿದಳು. ನಾಲಿಗೆ ಚಾಚಿದಳು. ಕೆನ್ನೆ ಉಬ್ಬಿಸಿ ಕಣ್ಣು ಮೆಳ್ಳಗಣ್ಣು ಮಾಡಿದಳು. ಅಜ್ಜಿ ಗೋಡೆಯತ್ತ ನೋಟ ನೆಟ್ಟು ಕಲ್ಲಿನಂತೆ ಕೂತಳು.

"ನಿಮ್ಮಪ್ಪಂಗೆ ಬರುತ್ತೆ, ಕೇಳು," ಎಂದಳು.

ಪುಟ್ಟಿ ಮೊಲವನ್ನು ಎಳೆದುಕೊಂಡು ಹೋಗಿ, ಅಪ್ಪನ ಮಂಡಿಯ ಮೇಲೆ ಕುಕ್ಕಿದಳು. ಅವನು ಉಸಿರು ಬಿಗಿಹಿಡಿದು, ಹುಬ್ಬು ಗಂಟಿಕ್ಕಿ ಹೊಲಿದ. ಸಮಯವಾಯಿತೆಂದು ಎದ್ದರೆ ಮೊಲವೂ ಜೊತೆಗೇ ಎದ್ದಿತು. ಪುಣ್ಯಾತ್ಮ ಅದನ್ನು ತನ್ನ ಪ್ಯಾಂಟಿಗೇ ಸೇರಿಸಿ ಹೊಲಿದುಬಿಟ್ಟಿದ್ದ!

"ಅಪ್ಪಾ, ಮೊಲ ನಿನ್ನ ಬಿಡಲ್ಲ ಅಂತಿದೆ!" ಎಂದು ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅಪ್ಪಾ ಎಂದು ಆ ಕೋಣೆಯಲ್ಲಿ ಅವಳು ಕೂಗಿದ್ದು ಅದೇ ಮೊದಲು. ಕುಣಿಯುವ ಮೊಲವನ್ನು ಕಂಡು ಕೋಣೆಯವರೆಲ್ಲ ನಕ್ಕರು. ಕಣ್ಣು ಕಾಣದವಳು ಮಾತ್ರ ನಗುವ ಹಾಗಿರಲಿಲ್ಲ.

ಒಂದು ಸುಳ್ಳಿಗೆ ಮತ್ತೊಂದು ಸುಳ್ಳು ಜೊತೆ ಬೇಕು. ಅಂದಿನಿಂದ ಅವಳು ಹೆಣಿಗೆಯನ್ನು ಮನೆಯಲ್ಲೇ ಬಿಟ್ಟು ಬರಬೇಕಾಯಿತು. ಪುಟ್ಟಿಯ ಮುಂದೆ ಗೋಡೆ ತಡವಿಕೊಂಡು ಕುರ್ಚಿ ಸೇರುವುದು, ಬರಿಗೈ ಮಡಿಲಲ್ಲಿಟ್ಟು ಕೂರುವುದು. ಎದುರಿಗೆ ಅಪ್ಪಮಗಳು ಮೊಲಕ್ಕೆ ಅಂಗಿ ಹೊಲಿದರು, ಟೊಪ್ಪಿ ಹೊಲಿದರು. ಕೆಲವು ತಿಂಗಳಲ್ಲಿ ಪುಟ್ಟಿಯ ಅಮ್ಮನೇ ಒಪ್ಪಿ, ಶನಿವಾರ ಮಗಳನ್ನು ಅಪ್ಪನ ಮನೆಗೆ ಕಳಿಸತೊಡಗಿದರು. ಕೊನೆಯ ದಿನ ಪುಟ್ಟಿ ಮೂಲೆಗೆ ಬಂದು, ಕಣ್ಣು ಕಾಣದವರಿಗೆ ಕಿವಿಯೂ ಕೇಳದೆಂದುಕೊಂಡಳೋ ಏನೋ, "ಅಜ್ಜೀ, ನಾನು ಹೋಗ್ತೀನೀ!" ಎಂದು ಕಿರುಚಿ ಓಡಿದಳು. ನಿಧಿಯವರು ಅನುದಾನವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. "ಇದು ನಿಮ್ಮಿಂದಾನೇ ಅಮ್ಮ," ಎಂದು ಮೇಡಂ ಕೈ ಹಿಡಿದುಕೊಂಡರು. ಅಜ್ಜಿಗೆ ನಿಜವಾಗಿ ಸಂತೋಷವಾಯಿತು. ಮನೆಗೆ ಹೋಗಿ ದೀಪ ಹಾಕದೆ ಕೂತಳು.

ಆಮೇಲೊಂದು ಶನಿವಾರ ಕೆಲಸ ಮುಗಿಸಿ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ಬಸ್ಸು ಬಂದು ನಿಂತಿತು. ಕಿಟಕಿಯಲ್ಲಿ ಪುಟ್ಟಿ, ಪಕ್ಕದಲ್ಲಿ ಅಪ್ಪ, ನಡುವೆ ಸೊಟ್ಟ ಕಿವಿಯ ಮೊಲ.

"ಅಪ್ಪಾ, ಮೂಲೆಯಜ್ಜಿ!" ಎಂದಳು ಪುಟ್ಟಿ. "ಪಾಪ, ಅವರಿಗೆ ಕಾಣಲ್ಲ. ಆದ್ರೂ ನಾನು ಟಾಟಾ ಮಾಡ್ತೀನಿ."

ಪುಟ್ಟ ಕೈ ಕಿಟಕಿಯಿಂದ ಹೊರಬಂದು ಬೀಸತೊಡಗಿತು. ಮಗಳ ತಲೆಯ ಮೇಲಿಂದ ಅಪ್ಪ ಅಜ್ಜಿಯನ್ನೇ ನೋಡಿ, ಒಮ್ಮೆ ತಲೆ ಬಾಗಿಸಿದ. ಅಜ್ಜಿ ಎರಡೂ ಕೈಯಿಂದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಪಕ್ಕದ ಗೋಡೆಯತ್ತ ನೋಡುತ್ತಾ ನಿಂತಳು. ಬಸ್ಸು ಹೊರಟಿತು.

ಅವಳು ಹತ್ತಬೇಕಾಗಿದ್ದ ಬಸ್ಸೂ ಅದೇ ಆಗಿತ್ತು.