ತಂಗಿಗೆ ಪೋಣಿಸಿದ ಸರ

ಮಣಿ ಪೋಣಿಸುವುದರ ಬಗ್ಗೆ ಮಾತಾಡಿ ಎಂದು ಈಗೀಗ ನನ್ನನ್ನು ಮಡಿಕೇರಿಗೆ ಕರೆಯುತ್ತಾರೆ. ಬ್ಯಾನರಿನ ಮೇಲೆ ‘ಬುಡಕಟ್ಟು ಕಲೆ’ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಶಾಲು ಹೊದಿಸುತ್ತಾರೆ. ನಾನು ಬಣ್ಣಗಳ ಬಗ್ಗೆ ನಾಲ್ಕು ಮಾತಾಡಿ, ಕೊಟ್ಟ ಬಿಸ್ಕತ್ತು ತಿಂದು ಬಸ್ಸು ಹತ್ತುತ್ತೇನೆ. ಕಲೆ ಎಂಬ ಪದ ನಮ್ಮ ಹಾಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ಮಣಿ ಪೋಣಿಸುತ್ತಿದ್ದರು, ಅಷ್ಟೇ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾವು ಜೇನುಕುರುಬರು. ಕಾಡಂಚಿನ ಹಾಡಿಯಿಂದ ಅಪ್ಪ ಅವ್ವ ಇಬ್ಬರೂ ಪಕ್ಕದ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅವ್ವನ ಕೈ ಒಳ್ಳೆಯ ಕೈ ಎಂದು ಹೆಸರಾಗಿತ್ತು. ಎಸ್ಟೇಟಿನ ಲೈನ್ ಮನೆಗಳ ಹೆಂಗಸರೂ ಮೂರ್ನಾಡಿನ ಸಂತೆಯಿಂದ ಗಾಜಿನ ಮಣಿ ತಂದು ಅವಳ ಮುಂದೆ ಸುರಿಯುತ್ತಿದ್ದರು. ಸೂಜಿ ಬೇಕಿರಲಿಲ್ಲ. ನೂಲಿಗೆ ಜೇನುಮೇಣ ತಿಕ್ಕಿ ತುದಿಯನ್ನು ಬೆರಳಲ್ಲಿ ಹೊಸೆದರೆ ಅದೇ ಸೂಜಿಯಷ್ಟು ಗಟ್ಟಿಯಾಗುತ್ತಿತ್ತು. ಮೇಣಕ್ಕೆ ನಮಗೇನು ಬರ! ಮೂರು ಕರಿ, ಒಂದು ಕೆಂಪು, ಮತ್ತೆ ಮೂರು ಕರಿ. ನಡುವೆ ಮಾತಾಡಿಸಿದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ನನಗೆ ಹತ್ತು ವರ್ಷ ತುಂಬುವಷ್ಟರಲ್ಲಿ ನಾನೂ ಕಲಿತಿದ್ದೆ. ಮಕ್ಕಳ ಸರವನ್ನು ವರ್ಷಕ್ಕೊಮ್ಮೆ ಬಿಚ್ಚಿ, ಹೊಸ ಮಣಿ ಸೇರಿಸಿ ಮತ್ತೆ ಪೋಣಿಸಬೇಕಿತ್ತು.

ಆ ವರ್ಷ ಮಳೆ ಬಿಟ್ಟ ಮೇಲೆ ತಂಗಿಗೆ ಚಳಿಜ್ವರ ಬಂತು. ಅವಳಿಗೆ ಐದು ವರ್ಷ, ಬಲು ಹಠಮಾರಿ. ಜ್ವರದ ಕಾವಿಗೆ ಸರ ಚುಚ್ಚುತ್ತದೆ ಎಂದು ರಂಪ ಮಾಡಿದಳು. ಅವ್ವ ನೂಲು ಕತ್ತರಿಸಿ ಮಣಿಗಳನ್ನು ತೆಂಗಿನ ಕರಟಕ್ಕೆ ಹಾಕಿ, “ವಾಸಿ ಆಗ್ಲಿ, ದೊಡ್ಡದು ಮಾಡಿ ಕೊಡ್ತೀನಿ” ಅಂದಳು. ನಾವು ಮನೆಯಲ್ಲಿ ಆಡುತ್ತಿದ್ದದ್ದು ನಮ್ಮದೇ ಮಾತು, ಬರೆಯಲು ಕೂತರೆ ಅದು ಕನ್ನಡವಾಗಿಬಿಡುತ್ತದೆ. ಎಸ್ಟೇಟಿನ ಕಾಂಪೌಂಡರು ಕೊಟ್ಟ ಕಹಿ ಔಷಧಿಯನ್ನು ತಂಗಿ ಅಪ್ಪನ ಮೇಲೇ ಉಗಿದಳು. ಐದನೆಯ ದಿನ ಬೆಳಿಗ್ಗೆ ತೀರಿಕೊಂಡಳು.

ನಮ್ಮ ಹಾಡಿಯಲ್ಲಿ ಹೆಣ್ಣನ್ನು ಬರಿ ಕತ್ತಿನಲ್ಲಿ ಮಣ್ಣಿಗೆ ಕಳಿಸುತ್ತಿರಲಿಲ್ಲ. ಅಪ್ಪನೂ ಉಳಿದ ಗಂಡಸರೂ ಗುದ್ದಲಿ ಹಿಡಿದು ಕುಣಿ ತೋಡಲು ಹೋಗಿದ್ದರು. ಅವರು ವಾಪಸು ಬರುವುದರೊಳಗೆ ಸರ ಆಗಬೇಕಿತ್ತು. ಅವ್ವ ಕರಟ ಎತ್ತಿಕೊಂಡಳು. ನೂಲಿನ ತುದಿ ಮಣಿಯ ತೂತಿಗೆ ಹೋಗಲೇ ಇಲ್ಲ. ಎರಡು ಸಲ, ಮೂರು ಸಲ ನೋಡಿದಳು. ಆಮೇಲೆ ಕರಟವನ್ನು ನನ್ನ ಮಡಿಲಿಗಿಟ್ಟು ಗೋಡೆಗೆ ಒರಗಿದಳು.

ನಾನು ಪೋಣಿಸಿದೆ. ಏನೂ ಅನ್ನಿಸಲಿಲ್ಲ. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ, ಆದರೆ ನಿಜವಾಗಿ ಏನೂ ಅನ್ನಿಸಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಮೈಯೆಲ್ಲ ಎಲ್ಲೋ ಇತ್ತು, ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಮೂರು ಕರಿ, ಒಂದು ಕೆಂಪು. ಹೊಟ್ಟೆ ಹಸಿದಿತ್ತು. ಅಳತೆಗೆಂದು ತಂಗಿಯ ಕತ್ತಿಗೆ ನೂಲು ಹಿಡಿದಾಗ ಕತ್ತು ತಣ್ಣಗಿತ್ತು. ಸದ್ಯ ಜ್ವರ ಇಳಿಯಿತು ಎಂದುಕೊಂಡೆ. ಕರಟದ ಮಣಿ ಸಾಲಲಿಲ್ಲ, ಅವ್ವ ಮಣಿ ಕಟ್ಟಿಟ್ಟಿದ್ದ ಪೊಟ್ಟಣದಿಂದ ಇನ್ನಷ್ಟು ತೆಗೆದುಕೊಂಡೆ.

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಸರವನ್ನು ತಂಗಿಯ ಕತ್ತಿನ ಮೇಲೆ ಇಟ್ಟು ನೋಡಿದಳು.

“ಏ ಹೆಣ್ಣೇ, ಇಷ್ಟು ಉದ್ದ ಯಾಕೆ ಮಾಡಿದೆ?”

ಆಗ ನನಗೆ ಗೊತ್ತಾಯಿತು. ಮಕ್ಕಳ ಕತ್ತು ಬೆಳೆಯುತ್ತದೆ, ಮುಂದಿನ ವರ್ಷದವರೆಗೆ ಎರಡು ಬೆರಳಿನ ಜಾಗ ಬಿಡಬೇಕು ಎಂದು ಅವ್ವ ಹೇಳಿಕೊಟ್ಟಿದ್ದಳು. ಕೈ ಕಲಿತದ್ದನ್ನೇ ಮಾಡಿತ್ತು.

“ಸತ್ತ ಮಗೂಗೆ ಬೆಳೆಯೋಕೆ ಜಾಗ ಬಿಟ್ಟಿದಾಳೆ, ನೋಡ್ರೇ” ಎಂದು ಅತ್ತೆ ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಹೇಳಿದಳು. ಅವಳು ಕೆಟ್ಟವಳಲ್ಲ, ಬಾಯಿ ಮಾತ್ರ ಸುಮ್ಮನಿರದು. “ಗಂಡಸರು ಬರ್ತಿದಾರೆ. ಹೆಚ್ಚಿರೋ ಮಣಿ ತೆಗಿ, ಬೇಗ.”

ತೆಗೆಯಲು ಕೂತೆ. ಅಷ್ಟು ಹೊತ್ತು ಸರಾಗವಾಗಿ ಓಡಿದ್ದ ಬೆರಳು ಒಂದೇ ಒಂದು ಮಣಿಯನ್ನೂ ನೂಲಿನಿಂದ ಎಳೆಯಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಂಗಿ ಸತ್ತಿದ್ದಾಳೆಂದು ನನಗೆ ತಿಳಿದದ್ದು ಆಗಲೇ.

ಅವ್ವ ಎದ್ದು ಬಂದು ನನ್ನ ಕೈ ಹಿಡಿದಳು.

“ತೆಗೀಬೇಡ” ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, “ಅಕ್ಕ, ನೀನು ಸುಮ್ಮನಿರು. ನಾನು ಪೋಣಿಸಿದ್ರೂ ಅಷ್ಟೇ ಜಾಗ ಬಿಡ್ತಿದ್ದೆ” ಎಂದಳು.

ತಂಗಿಯ ಕೂದಲು ಸರಿಸಿ, ತಲೆಯನ್ನು ಎತ್ತಿ ಹಿಡಿದುಕೊಂಡು ನನಗೆ ಕಟ್ಟಲು ಹೇಳಿದಳು. ನಾನು ಕಟ್ಟಿದೆ.