ಕುರಿಗಾರನ ಬೆನ್ನು ಹತ್ತಿ

ಕುರಿಗಾರರ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ; ಎಲ್ಲ ಕುರಿಗಾರರ ಮೇಲೆ, ಪುರಾಣಕಾಲದವರನ್ನೂ ಸೇರಿಸಿ. ಇದು ನ್ಯಾಯವಲ್ಲವೆಂದು ಗೊತ್ತು. ಆದರೆ ಎಂಟು ದಿನ ಮೋಟರ್ ಸೈಕಲ್ ಮೇಲೆ ಧೂಳು ಕುಡಿದವನಿಗೆ ನ್ಯಾಯ ಎಲ್ಲಿಂದ ನೆನಪಾಗಬೇಕು?

ಸಂಗತಿ ಇಷ್ಟೆ. ಸುಗ್ಗಿ ಮುಗಿದ ಮೇಲೆ ನಮ್ಮ ದುಮ್ಮವಾಡದ ಕಡೆ ಹೊಲದಲ್ಲಿ ಕುರಿ ತರುಬಿಸುವುದು ವಾಡಿಕೆ. ಊರೂರು ತಿರುಗುವ ಕುರಿಗಾರರು ತಮ್ಮ ಹಿಂಡನ್ನು ನಮ್ಮ ಹೊಲದಲ್ಲಿ ಕೂಡಿಹಾಕುತ್ತಾರೆ. ಕುರಿ ಹಿಕ್ಕಿ ಹಾಕುತ್ತವೆ, ನಾವು ಜೋಳ ಕೊಡುತ್ತೇವೆ, ಭೂಮಿ ಉಣ್ಣುತ್ತದೆ. ಚೀಲದ ಗೊಬ್ಬರ ತಿಂದು ತಿಂದು ನನ್ನ ಹೊಲದ ನಾಲಿಗೆ ಕೆಟ್ಟಿದೆ. ಹೋದ ಸಲ ಗೋವಿನಜೋಳದ ತೆನೆ ಹೆಬ್ಬೆರಳಿನಷ್ಟು ಬಂದವು. ಈ ವರ್ಷವೂ ಕುರಿ ಕೂಡದಿದ್ದರೆ ಬಿತ್ತುವುದೇ ದಂಡ. ಅದಕ್ಕೇ ಯಲ್ಲಪ್ಪನೆಂಬ ಕುರಿಗಾರನಿಗೆ ಎಲೆ-ಅಡಿಕೆ ಕೊಟ್ಟು ಮೊದಲೇ ಮಾತು ತೆಗೆದುಕೊಂಡಿದ್ದೆ.

"ಅಮಾಸಿ ಮುಗದ ಮ್ಯಾಲೆ ನಿಮ್ಮ ಹೊಲದಾಗ ಐದು ದಿನಾ ತರುಬತೀನ್ರಿ ಮಾಸ್ತರ್ರ" ಎಂದಿದ್ದ. ಅಮಾವಾಸ್ಯೆ ಮುಗಿಯಿತು. ಯಲ್ಲಪ್ಪನ ಪತ್ತೆಯಿಲ್ಲ, ಮೊಬೈಲ್ ಸ್ವಿಚ್ ಆಫ್.

ದೇವಿಕೊಪ್ಪಕ್ಕೆ ಹೋದೆ. ಚಹಾದಂಗಡಿಯವನು "ನಿನ್ನೆ ತಂಬೂರದ ಕಡೆ ಕುರಿ ಕಂಡ್ವರಿ" ಎಂದ. ತಂಬೂರದಲ್ಲಿದ್ದದ್ದು ಬೇರೆಯವರ ಕುರಿ. ಅವರು ಕೈ ಬೀಸಿ ದಿಕ್ಕು ತೋರಿಸಿದರು. ಕುರಿಗಾರ ತೋರಿಸಿದ ದಿಕ್ಕಿನಲ್ಲಿ ಅರ್ಧ ತಾಲೂಕು ಹಿಡಿಸುತ್ತದೆ. ಹೀಗೇ ಎಂಟು ದಿನ ಸುತ್ತಿದೆ.

ಮನೆಗೆ ಬಂದು ಕೈಕಾಲು ತೊಳೆದು ಓದಲು ಕುಳಿತರೆ ಅಲ್ಲಿಯೂ ಕುರಿ! ನಿವೃತ್ತ ಇತಿಹಾಸದ ಮಾಸ್ತರನಾದ ನನಗೊಂದು ಚಟ, ಪರಧರ್ಮದ ಪುರಾಣ ಓದುವುದು. ಈಗ ನಡೆದದ್ದು ಹೀಬ್ರೂ ಜನರ ಧರ್ಮಗ್ರಂಥ. ಆರಂಭದಲ್ಲೇ ಅಣ್ಣ ಒಕ್ಕಲಿಗ, ತಮ್ಮ ಕುರಿಗಾರ. ಅಣ್ಣ ಬೆಳೆ ತಂದು ದೇವರಿಗೆ ಅರ್ಪಿಸಿದ, ತಮ್ಮ ಕುರಿಮರಿ ತಂದ. ದೇವರು ಮರಿಯನ್ನು ಮೆಚ್ಚಿದ, ಬೆಳೆಯ ಕಡೆ ನೋಡಲೇ ಇಲ್ಲ. ಯಾಕೆ? ಗ್ರಂಥ ಬಾಯಿ ಬಿಡುವುದಿಲ್ಲ. ಅಣ್ಣ ತಮ್ಮನನ್ನು ಕೊಂದ. ತಪ್ಪು, ಖರೆ, ಆದರೆ ಆ ವಾರ ಅಣ್ಣನ ಸಂಕಟ ನನಗೆ ಅಗದಿ ಚೆನ್ನಾಗಿ ತಿಳಿಯಿತು. ಕೊಂದವನು ಮುಂದೆ ಮಾಡಿದ್ದೇನು ಗೊತ್ತೆ? ಊರು ಕಟ್ಟಿದ! ಅಲ್ಲಿಂದಾಚೆ ದೊಡ್ಡವರೆಲ್ಲ ಕುರಿಯ ಹಿಂದಿನಿಂದಲೇ ಬಂದವರು. ಮೂಲಪುರುಷ ಗುಡಾರದವನು, ಧರ್ಮದ ಕಟ್ಟಳೆ ತಂದವನು ಮಾವನ ಕುರಿ ಕಾದವನು. ದೇವರೂ ಬಹುಕಾಲ ಗುಡಾರದಲ್ಲೇ ಇದ್ದು ಅವರ ಜೊತೆ ನಡೆದ. ಕಡೆಗೆ ಹೊಲ ಮಾಡಿ ನೆಲೆನಿಂತ ಮೇಲೂ ಮೊದಲ ಫಸಲಿನ ಬುಟ್ಟಿ ದೇವರ ಮುಂದಿಟ್ಟು, ನಮ್ಮ ಹಿರಿಯನೊಬ್ಬ ಅಲೆಮಾರಿಯಾಗಿದ್ದ ಎಂದು ಬಾಯಿಬಿಟ್ಟು ಹೇಳಬೇಕಿತ್ತಂತೆ. ನೆಲ ನಿನ್ನದಲ್ಲ, ನೀನೂ ಬಂದವನೇ ಎಂಬ ನೆನಪಿಗಾಗಿ. ದೊಡ್ಡ ಮಾತು. ಆದರೆ ಆ ಹಿರಿಯನಾದರೂ ಹೇಳಿದ ದಿನಕ್ಕೆ ಬರುತ್ತಿದ್ದನೇ ಎಂದು ಗೊಣಗಿ ಪುಸ್ತಕ ಮುಚ್ಚಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ಹಾಲು ಹಾಕಲು ಬಂದ ಸಂಗಪ್ಪ, "ಯಲ್ಲಪ್ಪನ್ನ ಹುಡಕಾಕತ್ತೀರಂತಲ್ರಿ? ನನ್ನ ಹೊಲದಾಗನ ಅದಾನ, ಎಂಟು ದಿನಾತು" ಎಂದ.

ನನ್ನ ಹೊಲದ ಬದುವಿಗೇ ಹತ್ತಿದ ಹೊಲ ಅದು! ಊರೂರು ಕೇಳಿದ್ದೆ, ಪಕ್ಕದವನನ್ನು ಕೇಳಿರಲಿಲ್ಲ. ಓಡಿದೆ. ಕಂಬಳಿ ಕೊಡವುತ್ತಿದ್ದ ಯಲ್ಲಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಆತ ಪೂರಾ ಕೇಳಿಸಿಕೊಂಡ.

"ಅಮಾಸಿ ಮರುದಿನಾನ ಬಂದಿದ್ನಿರಿ. ನೋಡಿದ್ರ ತಂತಿಬೇಲಿ, ಬಾಗಲಾ, ಬಾಗಲಕ್ಕ ಕೀಲಿ. ಬ್ಯಾಡ ಅಂತ ಬಾಯಿಲೆ ಹೇಳಾಕ ಮಾಸ್ತರ್ಗೆ ನಾಚಿಕಿ ಆಗಿರಬೇಕು ಅನಕೊಂಡು ಬಾಜೂಕ ಹೊಂಟ್ನಿ."

ಅವನು ಮಾತು ಕೊಟ್ಟು ಹೋದ ಮೇಲೆ ನಾನೇ ಹಾಕಿಸಿದ ಬೇಲಿ. ಊರ ಎಮ್ಮೆಗಳ ಕಾಟ ತಪ್ಪಲಿ ಎಂದು ಹಾಕಿಸಿ, ಕೀಲಿಕೈ ಕಿಸೆಗಿಟ್ಟು, ಇನ್ನು ಚಿಂತೆಯಿಲ್ಲವೆಂದು ಹೊಲದ ಕಡೆ ತಲೆಯನ್ನೇ ಹಾಕಿರಲಿಲ್ಲ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ಮಠದಲ್ಲಿ ಎಷ್ಟೋ ಸಲ ಭಾಷಣ ಬಿಗಿದವನು ನಾನು!

"ಕೀಲಿ ಈಗ ತಗೀತೀನೋ, ಒಳಗ ಹೊಡಿ ಕುರಿ" ಎಂದೆ.

"ಆಗಾಂಗಿಲ್ರಿ. ಇವತ್ತ ದೇವಿಕೊಪ್ಪಕ್ಕ ಮಾತು ಕೊಟ್ಟೀನಿ. ಮುಂದಿನ ವರ್ಷ ನೋಡೂಣು."

ಇಡೀ ಹಿಂಡು ನನ್ನ ಬೇಲಿಗುಂಟ, ತಂತಿಯ ಆಚೆ, ದಾರಿಯುದ್ದಕ್ಕೂ ಹಿಕ್ಕಿ ಹಾಕುತ್ತ ಹೋಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಅಂದಳು:

"ಹೊಲಾ ಕಾಯಲಿ ಅಂತ ಬೇಲಿ ಹಾಕಿಸಿದ್ರಿ. ಕಾಯ್ತಲ್ರಿ, ಒಂದು ಹಿಕ್ಕೀನೂ ಒಳಗ ಬಿಡಲಿಲ್ಲ."